ದಾದಿಯರ ಪರೀಕ್ಷೆಗೆ ಸಿದ್ಧತೆ

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಕೇಳದವರಿಲ್ಲ. ಅದರ ಅರ್ಥ ನನಗೆ ಮನದಟ್ಟಾದುದು ನಮ್ಮ ಅಕ್ಕ ದಾದಿಯರ ಪರೀಕ್ಷೆಗೆ ಎರಡನೆಯ ಸಲ ಸಿದ್ಧಳಾಗುತ್ತಿದ್ದಾಗ. ಕಂಪ್ಲಿಯ ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲು. ಅಕ್ಕ ಪಿ.ಯು.ಸಿ. ಮುಗಿಸಿ ನರ್ಸಿಂಗ್ ಡಿಪ್ಲೊಮಾಕ್ಕೆ ಸೇರಿದಳು. ಸಂಡೂರು ಕಡೆಯ ನಮ್ಮ ಚಿಕ್ಕಮ್ಮ ಮನೆಯಲ್ಲಿಯೇ ಹೆರಿಗೆಯಾಗಿ, ರಕ್ತಸ್ರಾವ ನಿಲ್ಲದೆ ತೀರಿಕೊಂಡಂದೇ ಆಕೆ ಈ ದಾರಿಯನ್ನು ಆರಿಸಿಕೊಂಡಿದ್ದಳು.

ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಎಂಬ ಈ ಶಿಕ್ಷಣ 3 ವರ್ಷಗಳದು. ನಮ್ಮ ರಾಜ್ಯದಲ್ಲಿ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯು ಇದರ ಪರೀಕ್ಷೆಗಳನ್ನು ನಡೆಸುತ್ತದೆ. ಬರವಣಿಗೆಯ ಪರೀಕ್ಷೆಯಲ್ಲಿಯೂ ಪ್ರಾಯೋಗಿಕ ಪರೀಕ್ಷೆಯಲ್ಲಿಯೂ ಬೇರೆ ಬೇರೆಯಾಗಿ ಶೇಕಡ 50 ಅಂಕಗಳು ಬರಬೇಕು. ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ತುಂಬಲಾರದು. ತೇರ್ಗಡೆಯಾದವರು ರಾಜ್ಯದ 1961ರ ಕಾಯಿದೆಯಂತೆ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿಕೊಳ್ಳುತ್ತಾರೆ. ಅಮೆರಿಕದಲ್ಲಾದರೋ ಶಿಕ್ಷಣ ಮುಗಿದ ಬಳಿಕ 'ಪ್ರಾಕ್ಟಿಕಲ್ ನರ್ಸ್' ಆಗುವವರಿಗೆ ಪರವಾನಗಿಯ ಪರೀಕ್ಷೆಯೇ ಪ್ರತ್ಯೇಕ. 1994ರಿಂದ ಅದು ಕಂಪ್ಯೂಟರಿನಲ್ಲಿ ನಡೆಯುತ್ತಿದ್ದು, ಹಿಂದಿನ ಉತ್ತರಗಳನ್ನು ನೋಡಿ ಯಂತ್ರವು ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಆ ಕೆಲಸ ಮಾಡುವವರು ಹಾಸಿಗೆಯ ಪಕ್ಕದಲ್ಲಿ ನಿಂತ ಪರೀಕ್ಷಕರು.

ಅಕ್ಕ ಎಡವಿದ್ದು ಅಲ್ಲಿಯೇ. ಪುಸ್ತಕದ ಪುಟಗಳು ಆಕೆಗೆ ಬಾಯಿಪಾಠವಾಗಿದ್ದವು. ಗರ್ಭಿಣಿಯೊಬ್ಬರನ್ನು ತಪಾಸಿಸಲು ಹೇಳಿದಾಗ ಗಾಬರಿಯಲ್ಲಿ ಕೈ ತೊಳೆಯಲಿಲ್ಲ. ತಾನು ಏನು ಮಾಡಲಿರುವೆನೆಂದು ಆ ತಾಯಿಗೆ ತಿಳಿಸಲೂ ಇಲ್ಲ. ತಣ್ಣಗಿನ ಕೈಯನ್ನು ನೇರವಾಗಿ ಹೊಟ್ಟೆಯ ಮೇಲಿಟ್ಟಳು. ಏಕೆ, ಏಕೆಂದು ಪ್ರಶ್ನೆಗಳು ಬಂದಾಗ ಮೌನವಾದಳು. ಫಲಿತಾಂಶ ಬಂದ ದಿನ ನಮ್ಮ ತಂದೆ ಗದ್ದೆಯಿಂದ ಬಂದವರು ಊಟ ಮಾಡದೆ ಮಲಗಿದರು.

ಆ ಬಳಿಕ ಓದಿನ ಕ್ರಮವನ್ನೇ ಬದಲಿಸಿದೆವು. ದಿಂಬೊಂದನ್ನು ಗರ್ಭಿಣಿಯ ಹೊಟ್ಟೆಯೆಂದು ಭಾವಿಸಿ, ಅಕ್ಕ ಒಂದೊಂದು ಹೆಜ್ಜೆಯನ್ನೂ ಮಾಡಿ ತೋರಿಸಬೇಕು. ಅಜ್ಜಿ ಎದುರಿಗೆ ಕುಳಿತು "ಅದ್ಯಾಕವ್ವಾ?" ಎಂದು ಕೇಳಬೇಕು. ಅಕ್ಕ ಅಜ್ಜಿಗೆ ತಿಳಿಯುವ ಮಾತಿನಲ್ಲಿ ಉತ್ತರಿಸಬೇಕು. ಕೈ ತೊಳೆಯುವುದು ಏಕೆ? ಕಣ್ಣಿಗೆ ಕಾಣದ ರೋಗಾಣುಗಳು ತಾಯಿಗೆ ದಾಟದಿರಲೆಂದು. ಸಾಬೂನು ನೀರಿನಲ್ಲಿ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಮೂತ್ರ ಮಾಡಿ ಬರಲು ಹೇಳುವುದು ಏಕೆ? ಮೂತ್ರಕೋಶ ತುಂಬಿದ್ದರೆ ಗರ್ಭದ ಎತ್ತರ ತಪ್ಪಾಗಿ ತೋರೀತು. ಹೆರಿಗೆಯಾದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುವುದು ಏಕೆ? ಗರ್ಭಕೋಶ ಬಿಗಿಯಾಗಿ ಕುಗ್ಗಿ ರಕ್ತ ನಿಲ್ಲಲೆಂದು. ಈ ಉತ್ತರವನ್ನು ಕೇಳಿದ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಚಿಕ್ಕಮ್ಮ ಆಕೆಯ ಕಿರಿಯ ಮಗಳು.

ಒಂದು ಭಾನುವಾರ ಹಂಪಿಗೆ ಹೋಗಿ ಮಾತಂಗ ಪರ್ವತವನ್ನು ಹತ್ತಿದೆವು. ಬುಡದಲ್ಲಿ ನನ್ನ ನಾಡಿ ನಿಮಿಷಕ್ಕೆ 76, ತುದಿಯಲ್ಲಿ 124. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ 60ರಿಂದ 100, ಗರ್ಭದ ಶಿಶುವಿನ ಹೃದಯಬಡಿತ 110ರಿಂದ 160. ಬಿಸಿಲಿನಲ್ಲಿ ನಡೆದು ಬಂದ ತಾಯಿಯ ನಾಡಿಯೂ ನನ್ನದರಂತೆ ಏರಿದ್ದರೆ, ಅದನ್ನೇ ಶಿಶುವಿನ ಬಡಿತವೆಂದು ಎಣಿಸುವ ಅಪಾಯವುಂಟು. ಆದುದರಿಂದ ತಾಯಿಯನ್ನು ವಿಶ್ರಮಿಸಲು ಬಿಟ್ಟು, ಒಂದು ಕೈಯಿಂದ ಆಕೆಯ ನಾಡಿಯನ್ನು ಹಿಡಿದುಕೊಂಡೇ ಶಿಶುವಿನ ಬಡಿತವನ್ನು ಆಲಿಸಬೇಕು. ಪುಸ್ತಕದಲ್ಲಿ ಒಂದೇ ಸಾಲಾಗಿದ್ದ ಈ ಸಂಗತಿಯನ್ನು ಅಕ್ಕ ಇನ್ನೆಂದೂ ಮರೆಯಲಾರಳು.

ಲೆಕ್ಕದ ಭಾಗ ನನ್ನ ಪಾಲಿಗೆ ಬಂತು. 500 ಮಿಲಿಲೀಟರ್ ಡ್ರಿಪ್ 4 ಗಂಟೆಗಳಲ್ಲಿ ಮುಗಿಯಬೇಕು. ಮಿಲಿಲೀಟರಿಗೆ 20 ಹನಿ. ಒಟ್ಟು 10,000 ಹನಿಗಳನ್ನು 240 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಸುಮಾರು 42. ಇಂತಹ ಲೆಕ್ಕಗಳನ್ನು ಹೊಸಪೇಟೆಯ ಬಸ್ಸಿನಲ್ಲಿ ನಿಂತುಕೊಂಡೇ ಮಾಡಿದ್ದೇವೆ.

ಮಿತ್ರರೇ, ನಾವು ಇತಿಹಾಸದ ಒಂದು ಇಸವಿಯನ್ನು ಮರೆತರೆ ಒಂದು ಅಂಕ ಹೋದೀತು. ದಾದಿಯ ಮರೆವಿಗೆ ತೆರುವ ಬೆಲೆ ಬೇರೆ. ಕಾರಣ ತಿಳಿದ ಕೈ ಗಾಬರಿಯಲ್ಲಿಯೂ ದಾರಿ ತಪ್ಪದೆಂಬುದನ್ನು ನಾನು ಮನೆಯಲ್ಲಿಯೇ ಕಂಡೆ. ಅಕ್ಕ ಪರೀಕ್ಷೆ ಬರೆದು ಬಂದಿದ್ದಾಳೆ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಫಲಿತಾಂಶ ಬಂದಿಲ್ಲ. ಈ ಸಲ ಮೊದಲು ಕೈ ತೊಳೆದೆನೆಂದೂ, ಆ ತಾಯಿಯ ಹೆಸರನ್ನು ಕೇಳಿದೆನೆಂದೂ ಆಕೆ ಅಜ್ಜಿಗೆ ಹೇಳಿದಳು.