ಪ್ಲಾಸ್ಟಿಕ್ ಕುಗ್ಗಿ ಓಲೆಯಾಗುವುದು ಹೇಗೆ?

ಪ್ರಶ್ನೆ: ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಚಿತ್ರ ಬಿಡಿಸಿ ಓವನ್‌ನಲ್ಲಿಟ್ಟರೆ ಕುಗ್ಗಿ ಗಟ್ಟಿ ಓಲೆಯಾಗುತ್ತದಂತೆ. ಅದು ಕರಗಿ ಹರಿಯುವುದಿಲ್ಲವೇಕೆ?
– ಓದುಗರು, ಪೂರಿಗಾಲಿ, ಮಳವಳ್ಳಿ ತಾಲ್ಲೂಕು

ಉತ್ತರ: ಅದು ಪೂರ್ತಿ ಕರಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೆ. ಆ ಹಾಳೆ ಪಾಲಿಸ್ಟೈರೀನ್. ಕಾರ್ಖಾನೆಯಲ್ಲಿ ಅದನ್ನು ಬಿಸಿಮಾಡಿ, ಎಳೆದು, ಹಾಗೆಯೇ ತಣಿಸಿರುತ್ತಾರೆ. ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಳೆದಿಟ್ಟ ಅಣುಸರಪಳಿಗಳು ಸಡಿಲಗೊಂಡು ಮತ್ತೆ ಸುರುಳಿಯಾಗುತ್ತವೆ. ಉದ್ದಗಲ ಸುಮಾರು ಅರ್ಧಕ್ಕಿಳಿದು ದಪ್ಪ ಹೆಚ್ಚುತ್ತದೆ. ಆದ್ದರಿಂದ ಕೊಂಡಿಯ ತೂತನ್ನು ಮೊದಲೇ, ದೊಡ್ಡದಾಗಿ ಕೊರೆಯಿರಿ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹತ್ತುವುದೂ ಬಿಸಿಗೆ ಮೆತ್ತಗಾಗುವ ಅರಗಿನಿಂದಲೇ. ಆದರೆ ಅದು ಕೀಟ ಕೊಟ್ಟ ಅಂಟು. ಪಿವಿಸಿ ಪೈಪಿನ ಚೂರುಗಳನ್ನು ಮಾತ್ರ ಕಾಯಿಸಬೇಡಿ; ಅವು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಘಾಟು ವಿಷಾನಿಲ ಹೊಮ್ಮುತ್ತದೆ. ಪಾಲಿಸ್ಟೈರೀನ್ ಹಾಳೆ ಕಾಯಿಸುವಾಗಲೂ ಕಿಟಕಿ ತೆರೆದಿಡಿ, ಅಡುಗೆಯ ಓವನ್ ಬಳಸಬೇಡಿ.