ಮೂರು ದಿನದ ಗಡುವು, ಐದು ದಿನದ ಜಾತ್ರೆ

ಜನವರಿ ಅರ್ಧ ಕಳೆಯಿತೆಂದರೆ ಯಶವಂತಪುರದಿಂದ ಸಕಲೇಶಪುರದ ಘಾಟಿ ಇಳಿದು ಮಂಗಳೂರು ಸೇರುವ ರೈಲುಗಳಲ್ಲಿ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: "ಈ ಸಲ ಸಾಂತ್‌ಮಾರಿಗೆ ಹೋಗ್ಲಿಕ್ಕುಂಟಾ?" ಕೇಳುವವರು ಕೊಂಕಣಿ ಮಾತಾಡುವ ಕ್ರೈಸ್ತರೇ ಆಗಿರಬೇಕೆಂದಿಲ್ಲ. ತುಳುವರಿರಬಹುದು, ಕಾರ್ಕಳದ ಜೈನರಿರಬಹುದು, ಬ್ಯಾರಿಗಳಿರಬಹುದು. ಇವರು ಹೊರಟಿರುವುದು ಉಡುಪಿ ಜಿಲ್ಲೆಯ ಅತ್ತೂರಿಗೆ, ಕಾರ್ಕಳ ಪೇಟೆಯಿಂದ ಕೆಲವೇ ಕಿಲೋಮೀಟರು ದೂರದ ಸಂತ ಲಾರೆನ್ಸರ ಬಸಿಲಿಕಾಕ್ಕೆ. ಸಾಂತ್‌ಮಾರಿ ಎಂದರೆ ಅಲ್ಲಿನ ಜಾತ್ರೆ.

ಯಾರು ಈ ಲಾರೆನ್ಸರು? ಮೂರನೆಯ ಶತಮಾನದ ರೋಮಿನಲ್ಲಿ ಪೋಪ್ ಎರಡನೆಯ ಸಿಕ್ಸ್ತಸರ ಕೈಕೆಳಗೆ ಏಳು ಮಂದಿ ಡೀಕನರಿದ್ದರು. ಡೀಕನ್ ಎಂದರೆ ಧರ್ಮಗುರುವಿಗಿಂತ ಒಂದು ಮೆಟ್ಟಿಲು ಕೆಳಗಿನ ಸೇವೆಯ ಪದವಿ. ಪೂಜೆಗೆ ನೆರವಾಗುವುದು, ವಿಧವೆಯರಿಗೂ ಅನಾಥರಿಗೂ ದಾನ ಹಂಚುವುದು, ಹಂಚಿದ್ದರ ಲೆಕ್ಕ ಇಡುವುದು ಅವರ ಕೆಲಸ. ಆ ಏಳು ಮಂದಿಯಲ್ಲಿ ಲಾರೆನ್ಸರ ಕೈಯಲ್ಲಿ ಬೊಕ್ಕಸವಿತ್ತು. 258ರಲ್ಲಿ ಚಕ್ರವರ್ತಿ ವಲೇರಿಯನ್ ಆಜ್ಞೆ ಹೊರಡಿಸಿದ: ಬಿಷಪ್, ಗುರು, ಡೀಕನ್ ಯಾರೇ ಸಿಕ್ಕಲಿ, ಕೂಡಲೇ ಕೊಲ್ಲಬೇಕು. ಆಗಸ್ಟ್ 6ರಂದು ಸಿಕ್ಸ್ತಸರ ತಲೆ ಉರುಳಿತು. ಅಳುತ್ತ ಹಿಂಬಾಲಿಸಿದ ಲಾರೆನ್ಸರಿಗೆ, ಮೂರು ದಿನ ತಾಳು, ನೀನೂ ಬರುತ್ತೀ ಎಂದು ಅವರು ಹೇಳಿದರಂತೆ.

ಮುಂದಿನದನ್ನು ನಾಲ್ಕನೆಯ ಶತಮಾನದ ಮಿಲಾನಿನ ಬಿಷಪ್ ಸಂತ ಅಂಬ್ರೋಸರು ಬರೆದಿಟ್ಟಿದ್ದಾರೆ. ಚರ್ಚಿನ ಐಶ್ವರ್ಯವೆಲ್ಲವನ್ನೂ ತಂದೊಪ್ಪಿಸು ಎಂದು ಅಧಿಕಾರಿಗಳು ಗದರಿದರು. ಲಾರೆನ್ಸರು ಕಾಲಾವಕಾಶ ಕೇಳಿದರು. ಕಥೆಯ ಪ್ರಕಾರ ಸಿಕ್ಕಿದ್ದು ಮೂರು ದಿನ. ಇದ್ದ ಹಣವನ್ನೆಲ್ಲ ಹಂಚಿ ಮುಗಿಸಿ, ಗಡುವಿನ ದಿನ ಕುರುಡರು, ಕುಂಟರು, ರೋಗಿಗಳು, ತುತ್ತಿಗೆ ಗತಿಯಿಲ್ಲದವರು ಎಲ್ಲರನ್ನೂ ಕರೆತಂದು ಅಧಿಕಾರಿಯ ಮುಂದೆ ನಿಲ್ಲಿಸಿದರು. ಚರ್ಚಿನ ಸಂಪತ್ತು ಇವರೇ ಎಂದರು.

ಅದಕ್ಕೆ ಸಿಕ್ಕ ಶಿಕ್ಷೆಯನ್ನು ಲೋಕವೆಲ್ಲ ಬಲ್ಲದು. ಆಗಸ್ಟ್ 10ರಂದು ಕಬ್ಬಿಣದ ಸರಳುಗಳ ಮಂಚದ ಮೇಲೆ ಮಲಗಿಸಿ ಕೆಳಗೆ ಕೆಂಡ ಹರಡಿದರಂತೆ. ಈ ಬದಿ ಬೆಂದಿದೆ, ಮಗುಚಿ ಹಾಕಿ ಎಂದು ಲಾರೆನ್ಸರು ಹಿಂಸಿಸುವವರಿಗೇ ಹೇಳಿದರಂತೆ. ಇತಿಹಾಸಕಾರರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ವಲೇರಿಯನ್ನನ ಆಜ್ಞೆ ತಕ್ಷಣದ ಮರಣದಂಡನೆಯದು, ನಾಲ್ಕು ದಿನ ಮೊದಲು ಸಿಕ್ಸ್ತಸರಿಗೆ ಆದಂತೆ ಇವರ ತಲೆಯನ್ನೂ ಕಡಿದಿರಬೇಕು ಎನ್ನುತ್ತಾರೆ. ಇರಬಹುದು. ಚಿತ್ರಕಾರರು, ಶಿಲ್ಪಿಗಳು ಮಾತ್ರ ಬೆಂಕಿಯನ್ನು ಬಿಟ್ಟುಕೊಡಲಿಲ್ಲ. ಸರಳುಗಳ ಚೌಕಟ್ಟನ್ನು ಕೈಗೆ ಕೊಟ್ಟೇ ಅವರನ್ನು ನಿಲ್ಲಿಸುತ್ತ ಬಂದರು. ನನಗೆ ಆ ಕೊನೆಯ ಗಳಿಗೆಗಿಂತ ಅದರ ಹಿಂದಿನ ಮೂರು ದಿನಗಳು ದೊಡ್ಡವಾಗಿ ಕಾಣುತ್ತವೆ. ಸಾವು ಖಚಿತವೆಂದು ಗೊತ್ತಿದ್ದ ಮನುಷ್ಯ ಊರು ಬಿಟ್ಟು ಓಡದೆ, ಕೇರಿ ಕೇರಿ ತಿರುಗಿ ಕೊಡಬೇಕಾದವರಿಗೆ ಕೊಟ್ಟು ಲೆಕ್ಕ ಚುಕ್ತಾ ಮಾಡಿದ ದಿನಗಳವು. ಅತ್ತೂರಿನ ಜಾತ್ರೆ ನನಗೆ ಅರ್ಥವಾದದ್ದು ಈ ಕಡೆಯಿಂದಲೇ.

ಸಂತರಿಗೆ ಪಾಲಕತ್ವವನ್ನು ಹಂಚಿಕೊಡುವುದು ಜನರೇ. ಲಾರೆನ್ಸರು ಬಡವರಿಗೆ ಪಾಲಕರು, ಡೀಕನರಿಗೆ ಪಾಲಕರು. ಚರ್ಚಿನ ಪುಸ್ತಕ, ಪತ್ರಗಳನ್ನು ಕಾಪಾಡಿದರೆಂಬ ನಂಬಿಕೆಯಿಂದ ಗ್ರಂಥಪಾಲಕರಿಗೂ ಅವರೇ. ಬೆಂಕಿಯ ಅವಘಡದಿಂದ ಕಾಯುವವರೂ, ಒಲೆಯ ಮುಂದೆ ದುಡಿಯುವ ಅಡುಗೆಯವರನ್ನು ಕಾಯುವವರೂ ಅವರೇ. ಬೆಂಗಳೂರಿನ ಎಷ್ಟೋ ಹೋಟೆಲುಗಳಿಗೆ ಅಡುಗೆಯ ಕೈಗಳನ್ನು ಕಳಿಸಿಕೊಟ್ಟ ಉಡುಪಿ ಸೀಮೆಯಲ್ಲೇ ಅಡುಗೆಯವರ ಪಾಲಕ ಸಂತರ ಇಷ್ಟು ದೊಡ್ಡ ಕ್ಷೇತ್ರವಿದೆ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ.

ಅತ್ತೂರಿನ ಚರಿತ್ರೆಯೂ ಸುಖದ ಚರಿತ್ರೆಯಲ್ಲ. ಅತ್ತೂರಿನ ಸುತ್ತಿನಲ್ಲಿ ಮೊದಲ ಚರ್ಚು ಎದ್ದದ್ದು 1759ರಲ್ಲಿ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಚರ್ಚುಗಳು ನೆಲಸಮವಾದವು, ಇಲ್ಲಿಯದೂ ಉಳಿಯಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿ, ಹುಲ್ಲು ಹೊದಿಸಿದ ಮಾಡಿನ ಕೆಳಗೆ ಮತ್ತೆ ಪ್ರಾರ್ಥನೆ ಆರಂಭಿಸಿದರು.

ಹೊಸ ಚರ್ಚಿಗೆ ಜಾಗ ಹುಡುಕುವ ಕಾಲಕ್ಕೆ ನಡೆದದ್ದೆಂದು ಊರವರು ಹೇಳುವ ಕಥೆ ಹೀಗಿದೆ. ಧರ್ಮಗುರುಗಳೂ ಭಕ್ತರೂ ಲಾರೆನ್ಸರ ಮರದ ಪ್ರತಿಮೆಯನ್ನು ಹೊತ್ತು, ದಾರಿ ತೋರಿಸೆಂದು ಬೇಡುತ್ತ ನಡೆದರು. ಪರ್ಪಲೆ ಗುಡ್ಡದ ಬುಡದಲ್ಲಿ ನೀರಿನ ಒರತೆ ಕಂಡು, ಪ್ರತಿಮೆಯನ್ನು ನೆಲದ ಮೇಲಿಟ್ಟು ದಣಿವಾರಿಸಿಕೊಂಡರು. ಹೊರಡಲೆಂದು ಎತ್ತಹೋದರೆ ಪ್ರತಿಮೆ ಜಗ್ಗಲಿಲ್ಲ. ಇಲ್ಲೇ ನಿನಗೆ ಗುಡಿ ಕಟ್ಟುತ್ತೇವೆ ಎಂದು ಗುರುಗಳು ಹರಕೆ ಹೊತ್ತ ಮೇಲೆಯೇ ಅದು ಹಗುರಾಯಿತು. ಗೋಕರ್ಣದಲ್ಲಿ ಗಣಪತಿ ನೆಲಕ್ಕಿಟ್ಟ ಆತ್ಮಲಿಂಗವನ್ನು ರಾವಣನಿಗೆ ಎತ್ತಲಾಗಲಿಲ್ಲವೆಂಬುದನ್ನು ಕೇಳುತ್ತ ಬೆಳೆದ ಕರಾವಳಿಗೆ ಇದು ಪರಕೀಯ ಕಥೆಯಾಗಿ ಕೇಳಿಸಲೇ ಇಲ್ಲ. ಸಂತ ತಾನೇ ಆರಿಸಿಕೊಂಡ ಜಾಗ ಎಂದರೆ ಇಲ್ಲಿನ ಯಾವ ಜಾತಿಯ ರೈತನಿಗೂ ಬೇರೆ ವಿವರಣೆ ಬೇಕಿಲ್ಲ. 1839ರಲ್ಲಿ ಅಲ್ಲಿ ಚರ್ಚು ನಿಂತಿತು. 2016ರಲ್ಲಿ ವ್ಯಾಟಿಕನ್ ಅದನ್ನು ಕಿರು ಬಸಿಲಿಕಾ, ಅಂದರೆ ವಿಶೇಷ ಗೌರವದ ಚರ್ಚಿನ, ಪದವಿಗೆ ಏರಿಸಿತು. ಅದಕ್ಕೆ ಮೊದಲು ರಾಜ್ಯದಲ್ಲಿ ಆ ಗೌರವ ಪಡೆದಿದ್ದದ್ದು ನಮ್ಮ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಚರ್ಚು.

ಚರ್ಚಿನ ಪಂಚಾಂಗದ ಪ್ರಕಾರ ಲಾರೆನ್ಸರ ಹಬ್ಬ ಅವರು ಮಡಿದ ಆಗಸ್ಟ್ 10ರಂದೇ. ಆ ಹೊತ್ತಿನಲ್ಲಿ ಆಕಾಶದಿಂದ ಉದುರುವ ಉಲ್ಕೆಗಳನ್ನು ಇಟಲಿಯವರು ಲಾರೆನ್ಸರ ಕಣ್ಣೀರು ಎಂದು ಕರೆಯುತ್ತಾರೆ. ಕರಾವಳಿಯಲ್ಲಿ ಆಗ ಉಲ್ಕೆಯಿರಲಿ, ಚಂದ್ರನೂ ಕಾಣದಷ್ಟು ಮೋಡ, ಬಿಡದ ಮಳೆ. ಸಾವಿರಾರು ಜನ ಬಯಲಲ್ಲಿ ಕೂತು ಪೂಜೆ ಕೇಳುವ ಕಾಲ ಅದಲ್ಲ. ಗದ್ದೆಯ ಕೆಲಸ ಮುಗಿದು ನೆಲ ಒಣಗಿರುವ ಜನವರಿಯ ಕೊನೆಗೆ ಇಲ್ಲಿ ವಾರ್ಷಿಕ ಮಹೋತ್ಸವ ನಡೆಯುತ್ತದೆ. ಸಾಮಾನ್ಯವಾಗಿ ಭಾನುವಾರ ಆರಂಭವಾಗಿ ಗುರುವಾರದವರೆಗೆ ಐದು ದಿನ. ಅದಕ್ಕೆ ಮುಂಚೆ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ.

ಬೆಂಗಳೂರಿನ ಚರ್ಚುಗಳ ಹಬ್ಬಗಳನ್ನು ನೋಡಿದವರಿಗೆ ಹಬ್ಬ ಎಂದೊಡನೆ ಧ್ವಜಾರೋಹಣ, ತೇರು ನೆನಪಿಗೆ ಬರುತ್ತವೆ. ಅತ್ತೂರಿನಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಮೇಣದಬತ್ತಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದರ ಹಿಂದೊಂದು ಬಲಿಪೂಜೆ (ಮಾಸ್), ಕೊಂಕಣಿಯಲ್ಲಿ, ಕನ್ನಡದಲ್ಲಿ. ಅದರ ಪಕ್ಕದಲ್ಲೇ ಬತ್ತಿ ಹಚ್ಚುವವರ ಸಾಲು. ಪ್ರತಿಮೆಯ ಮುಂದೆ ಹೂ ಇಟ್ಟು ಕೈಮುಗಿಯುವವರ ಇನ್ನೊಂದು ಸಾಲು. ಪುಷ್ಕರಿಣಿ ಎಂದೇ ಹೆಸರಾದ ಕೊಳದ ನೀರನ್ನು ಕಣ್ಣಿಗೊತ್ತಿಕೊಂಡು, ಬರಲಾಗದವರಿಗೆಂದು ಬಾಟಲಿಯಲ್ಲಿ ತುಂಬಿಕೊಳ್ಳುವವರಿದ್ದಾರೆ. ಮಗು ಹುಟ್ಟಲಿ, ಜ್ವರ ಇಳಿಯಲಿ, ಕಳೆದ ದನ ಸಿಗಲಿ, ಕೋರ್ಟಿನ ಕೇಸು ಮುಗಿಯಲಿ ಎಂಬ ಹರಕೆಗಳಿಗೆ ಧರ್ಮದ ಗುರುತುಚೀಟಿ ಇಲ್ಲ. ಬಾಹುಬಲಿ ಬೆಟ್ಟದ ಊರಾದ ಕಾರ್ಕಳದಿಂದ ಬಂದ ಹಿಂದೂ, ಜೈನ, ಮುಸ್ಲಿಂ ಮನೆಯವರು ಇಲ್ಲಿ ಅತಿಥಿಗಳಂತೆ ನಡೆದುಕೊಳ್ಳುವುದಿಲ್ಲ. ಜಾತ್ರೆ ತಮ್ಮದು ಎಂಬಂತೆಯೇ ಬಳೆ, ಬಲೂನು, ಚರುಂಬುರಿಯ ಅಂಗಡಿಗಳ ನಡುವೆ ಓಡಾಡುತ್ತಾರೆ.

ಜಾತ್ರೆಯಲ್ಲಿ ರೋಗಿಗಳಿಗಾಗಿ ಪ್ರತ್ಯೇಕ ಪೂಜೆಯೂ ಇರುತ್ತದೆ. ಗಾಲಿಕುರ್ಚಿಯಲ್ಲಿ, ಮಕ್ಕಳ ಹೆಗಲ ಆಸರೆಯಲ್ಲಿ ಬಂದವರನ್ನು ಮುಂದೆ ಕೂರಿಸುತ್ತಾರೆ. ಉಳಿದ ದಿನ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಹಿಂದೆ ಸರಿದು ನಿಲ್ಲಬೇಕಾದವರಿಗೆ ಆ ಒಂದು ಗಂಟೆ ಮೊದಲ ಸಾಲು. ರೋಮಿನ ಅಧಿಕಾರಿಯ ಮುಂದೆ ಲಾರೆನ್ಸರು ನಿಲ್ಲಿಸಿದ ಸಾಲು ಇದೇ ಅಲ್ಲವೇ! ಐದು ದಿನದ ಎಲ್ಲ ದೀಪ, ವಾದ್ಯ, ಅಲಂಕಾರದಲ್ಲಿ ಲಾರೆನ್ಸರಿಗೆ ಹತ್ತಿರವಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಪೂಜೆಯನ್ನೇ ತೋರಿಸುತ್ತೇನೆ.

ಇನ್ನೊಂದು ಸಾಲು ಹೊರಗೆ ರಸ್ತೆಯ ಅಂಚಿನಲ್ಲಿ ಕೂತಿರುತ್ತದೆ, ಬಟ್ಟೆ ಹಾಸಿಕೊಂಡು, ತಟ್ಟೆ ಮುಂದಿಟ್ಟುಕೊಂಡು. ಮೊಬೈಲಿನಲ್ಲೇ ದುಡ್ಡು ಕೊಟ್ಟು ಅಭ್ಯಾಸವಾದ ಬೆಂಗಳೂರಿನ ನಾವು ಬರಿಜೇಬಿನಲ್ಲಿ ಅವರನ್ನು ದಾಟಿಹೋಗುತ್ತೇವೆ. ಮುಂದಿನ ಜನವರಿಗೆ ಅತ್ತೂರಿಗೆ ಹೊರಡುವವರು ರೈಲು ಹತ್ತುವ ಮೊದಲೇ ಹತ್ತರ, ಇಪ್ಪತ್ತರ ನೋಟುಗಳನ್ನು ಮಾಡಿಸಿ ಇಟ್ಟುಕೊಳ್ಳಿ. ಜಾತ್ರೆಯ ಅಂಗಡಿಗಳಲ್ಲಿ ಚಿಲ್ಲರೆ ಸಿಗುವುದು ಕಷ್ಟ.