ಒಂದು ಕೊಳವೆ, ಒಂದು ನೀರಿನ ಬಾಟಲಿ: ‘ಗೋಲ್ಡನ್ ಅವರ್’ನಲ್ಲಿ ಜೀವ ಉಳಿಸೋದು ಯಾರು?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಗಾಯವಾದ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆ ‘ಗೋಲ್ಡನ್ ಅವರ್’ ಎನ್ನುತ್ತದೆ. ಸುಪ್ರೀಂ ಕೋರ್ಟ್ ಗಡುವು ಕೊಟ್ಟ ಮೇಲೆ, 2025ರ ಮೇ ತಿಂಗಳಲ್ಲಿ ಕೇಂದ್ರವು ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು. ಏಳು ದಿನದವರೆಗೆ, ಗರಿಷ್ಠ 1.5 ಲಕ್ಷ ರೂಪಾಯಿ.

ಒಳ್ಳೆಯದೇ. ಆದ್ರೆ ಆ ಗಂಟೆಯಲ್ಲಿ ಆಸ್ಪತ್ರೆಯೊಳಗೆ ಏನು ನಡೀಬೇಕು ಅನ್ನೋದು ಗೊತ್ತಿಲ್ಲದಿದ್ರೆ, ಈ ದುಡ್ಡು ಸಾಕೋ ಸಾಲದೋ ಅಂತ ಕೇಳೋದಾದ್ರೂ ಹೇಗೆ? ಒಂದೇ ಒಂದು ಚಿಕಿತ್ಸೆಯನ್ನು ತೆಗೆದುಕೊಂಡು ನೋಡೋಣ: ಎದೆಗೆ ಹಾಕುವ ಕೊಳವೆ. ಚೆಸ್ಟ್ ಟ್ಯೂಬ್ ಅಂತಾರೆ. ನಮ್ಮ ವಾರ್ಡುಗಳಲ್ಲಿ ಇದರ ಹೆಸರು ‘ಐಸಿಡಿ’.

ಉಸಿರು ಯಾಕೆ ಕಟ್ಟುತ್ತೆ?

ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಎರಡು ತೆಳು ಪೊರೆಗಳಿವೆ. ಅವುಗಳ ಮಧ್ಯದ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದಲೇ ಶ್ವಾಸಕೋಶ ಹಿಗ್ಗಿ ನಿಂತಿರುತ್ತದೆ. ಬೈಕಿನಿಂದ ಬಿದ್ದು ಪಕ್ಕೆಲುಬು ಮುರಿದು, ಅದರ ಚೂಪು ತುದಿ ಶ್ವಾಸಕೋಶಕ್ಕೆ ಚುಚ್ಚಿತು ಅಂದುಕೊಳ್ಳಿ. ಆ ಜಾಗಕ್ಕೆ ಗಾಳಿ ಅಥವಾ ರಕ್ತ ನುಗ್ಗುತ್ತದೆ, ಶ್ವಾಸಕೋಶ ಮುದುಡುತ್ತದೆ. ಕೆಲವೊಮ್ಮೆ ಪ್ರತಿ ಉಸಿರಿಗೂ ಗಾಳಿ ಒಳಗೆ ಸೇರುತ್ತೆ, ಹೊರಗೆ ಬರಲ್ಲ. ಒತ್ತಡ ಏರಿ ಹೃದಯಕ್ಕೆ ರಕ್ತ ಮರಳುವುದೇ ನಿಲ್ಲುತ್ತದೆ. ಆಗ ಎಕ್ಸ್‌ರೇಗೆ ಕಾಯುವಂತಿಲ್ಲ. ಮೊದಲು ಸೂಜಿ ಚುಚ್ಚಿಯೋ ಸಣ್ಣ ತೂತು ಮಾಡಿಯೋ ಗಾಳಿ ಬಿಡಬೇಕು, ಆಮೇಲೆ ಕೊಳವೆ. ಅದನ್ನು ಮಾಡದೆ ‘ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ’ ಎಂದು ಕಳಿಸಿದರೆ ರೋಗಿ ದಾರಿಯಲ್ಲೇ ಸಾಯಬಹುದು.

ತೂತು ಎಲ್ಲಿ ಹಾಕಬೇಕು?

ಕಂಕುಳ ಕೆಳಗೆ, ಎದೆಯ ಮುಂದಿನ ಸ್ನಾಯು ಮತ್ತು ಬೆನ್ನಿನ ಸ್ನಾಯುವಿನ ನಡುವೆ, ಮೊಲೆತೊಟ್ಟಿನ ಮಟ್ಟಕ್ಕಿಂತ ಮೇಲೆ ಒಂದು ತ್ರಿಕೋನದಂಥ ಜಾಗವಿದೆ. ವೈದ್ಯರು ಅದನ್ನು ‘ಸುರಕ್ಷಿತ ತ್ರಿಕೋನ’ ಅಂತಾರೆ. ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚರ್ಮ ಕೊಯ್ದು, ಸ್ನಾಯು ಬಿಡಿಸಿ, ಬೆರಳು ಹಾಕಿ ಒಳಗೆ ಶ್ವಾಸಕೋಶ ಅಂಟಿಕೊಂಡಿಲ್ಲವೆಂದು ನೋಡಿ ಕೊಳವೆ ತೂರಿಸುತ್ತಾರೆ. ದಾರಿ ಪಕ್ಕೆಲುಬಿನ ಮೇಲಂಚಿನಲ್ಲೇ ಇರಬೇಕು. ಕೆಳಂಚಿನಲ್ಲಿ ರಕ್ತನಾಳ, ನರಗಳಿವೆ. ತೀರಾ ಕೆಳಗೆ ಹಾಕಿದರೆ ಯಕೃತ್ತಿಗೋ ಗುಲ್ಮಕ್ಕೋ ಪೆಟ್ಟು.

ಇದು ಬರೀ ಹೆದರಿಸುವ ಮಾತಲ್ಲ. ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2008ರಲ್ಲಿ ಎಚ್ಚರಿಕೆ ಹೊರಡಿಸಿದಾಗ, ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ ಈ ಕೊಳವೆ ಹಾಕುವಾಗ ಆದ 12 ಸಾವುಗಳು ವರದಿಯಾಗಿದ್ದವು.

ಬಾಟಲಿಯಲ್ಲಿ ನೀರು ಯಾಕೆ?

ಕೊಳವೆಯ ಹೊರತುದಿ ಬಾಟಲಿಯಲ್ಲಿನ ನೀರಿನೊಳಗೆ ಸುಮಾರು 2 ಸೆಂ.ಮೀ. ಮುಳುಗಿರುತ್ತದೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತೆ, ಹೊರಗಿನದು ವಾಪಸ್ ಹೋಗಲ್ಲ. ಕರೆಂಟ್ ಬೇಡ, ಮಷೀನ್ ಬೇಡ. 19ನೇ ಶತಮಾನದಲ್ಲೇ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗೊಥಾರ್ಡ್ ಬ್ಯುಲಾವ್ ಎಂಬ ವೈದ್ಯ ಇದನ್ನು ಬಳಸಿದ್ದ.

ಇದರ ಬೆಲೆ ಗೊತ್ತಾಗಿದ್ದು 1918ರಲ್ಲಿ. ಅಮೆರಿಕದ ಸೇನಾ ಶಿಬಿರಗಳಲ್ಲಿ ನ್ಯುಮೋನಿಯಾ ಬಂದವರ ಎದೆಯಲ್ಲಿ ಕೀವು ತುಂಬುತ್ತಿತ್ತು. ಎದೆ ಕೊಯ್ದು ತೆರೆದೇ ಬಿಡುತ್ತಿದ್ದ ಪದ್ಧತಿಯಲ್ಲಿ ನೂರಕ್ಕೆ ಸುಮಾರು 30 ಸೈನಿಕರು ಸಾಯುತ್ತಿದ್ದರು. ಅವಸರಪಟ್ಟು ಕೊಯ್ಯಬೇಡಿ, ಹೊರಗಿನ ಗಾಳಿ ಒಳಗೆ ಬಿಡಬೇಡಿ ಎಂದು ಸೇನೆಯ ಆಯೋಗ ಹೇಳಿತು. ಸಾವು ನೂರಕ್ಕೆ 5ಕ್ಕಿಂತ ಕೆಳಗಿಳಿಯಿತು.

ಹಾಕಿದ ಮೇಲೆ ಕಾಯೋರು ಯಾರು?

ಉಸಿರಾಡಿದಂತೆ ಕೊಳವೆಯಲ್ಲಿನ ನೀರು ಏರಿಳಿಯಬೇಕು. ನಿಂತರೆ ಒಂದೋ ಶ್ವಾಸಕೋಶ ಪೂರ್ತಿ ಹಿಗ್ಗಿದೆ, ಇಲ್ಲವೇ ಕೊಳವೆ ಕಟ್ಟಿದೆ. ಗುಳ್ಳೆ ಬರ್ತಾ ಇದ್ರೆ ಗಾಳಿ ಇನ್ನೂ ಸೋರುತ್ತಿದೆ ಎಂದರ್ಥ. ಆಗ ಕ್ಲಿಪ್ ಹಾಕಿ ಮುಚ್ಚಿದರೆ ಪ್ರಾಣಕ್ಕೇ ಅಪಾಯ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು. ಸ್ಟ್ರೆಚರ್ ತಳ್ಳುವಾಗ ಅದನ್ನು ರೋಗಿಯ ಹೊಟ್ಟೆ ಮೇಲೆ ಇಟ್ಟರೆ ನೀರು ಎದೆಯೊಳಕ್ಕೆ ಹರಿಯಬಹುದು. ಜೊತೆಗಿರುವ ಮನೆಯವರಿಗೂ ಇದು ಗೊತ್ತಿರಲಿ.

ರಕ್ತ ಒಮ್ಮೆಗೇ ಒಂದೂವರೆ ಲೀಟರ್ ಬಂದರೆ, ಅಥವಾ ಗಂಟೆಗೆ 200 ಮಿ.ಲೀ.ನಂತೆ ಕೆಲವು ಗಂಟೆ ಬರ್ತಾನೇ ಇದ್ದರೆ, ಆಪರೇಷನ್ ಬೇಕಾಗಬಹುದು. ಗಂಟೆಗೊಮ್ಮೆ ಅಳೆದು ಬರೆದಿಡುವವರು ಇದ್ದರೆ ಮಾತ್ರ ಅದು ತಿಳಿಯುತ್ತೆ. ನೋವಿಗೆ ಔಷಧಿ ಸರಿಯಾಗಿ ಸಿಗದವರು ಕೆಮ್ಮಲು ಹೆದರಿ ಕಫ ಕಟ್ಟಿಕೊಂಡು ನ್ಯುಮೋನಿಯಾಗೆ ತುತ್ತಾಗುತ್ತಾರೆ. ಇದೆಲ್ಲ ಹೆಚ್ಚಾಗಿ ನರ್ಸ್‌ಗಳ ಕೆಲಸ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ದರೆ, ಅದೂ ವರ್ಷ ವರ್ಷ ನವೀಕರಿಸುವ ಗುತ್ತಿಗೆಯಲ್ಲಿ, ಯಾರು ಎಷ್ಟು ಬಾಟಲಿ ನೋಡಲು ಸಾಧ್ಯ?

ಏನು ಕೇಳಬೇಕು?

ನಗದುರಹಿತ ಯೋಜನೆ ರೋಗಿಯ ಬಿಲ್ ಕಟ್ಟುತ್ತದೆ. ಕೊಳವೆ ಹಾಕಲು ಕಲಿತ ಡ್ಯೂಟಿ ಡಾಕ್ಟರ್, ಸಾಕಷ್ಟು ಕಾಯಂ ನರ್ಸ್‌ಗಳು ಆ ಬಿಲ್ಲಿನಿಂದ ಹುಟ್ಟಲ್ಲ. ಅದಕ್ಕೆ ನೇಮಕಾತಿ ಆಗಬೇಕು, ತರಬೇತಿ ಆಗಬೇಕು, ಬಜೆಟ್ ಬೇಕು.

ಹಾಗಾಗಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ. ರಾತ್ರಿ ಪಾಳಿಗೆ ಎಷ್ಟು ವೈದ್ಯರು, ಎಷ್ಟು ನರ್ಸ್‌ಗಳು? ಕಳೆದ ವರ್ಷ ಅಲ್ಲಿ ಎಷ್ಟು ಚೆಸ್ಟ್ ಟ್ಯೂಬ್ ಹಾಕಿದ್ದಾರೆ? ಎದೆಗೆ ಪೆಟ್ಟಾದವರಲ್ಲಿ ಎಷ್ಟು ಮಂದಿಯನ್ನು ಬೇರೆಡೆ ಕಳಿಸಿದ್ದಾರೆ? ಬಂದ ಉತ್ತರ ಹಿಡಿದು ಶಾಸಕರ ಬಳಿ ಹೋಗಿ, ಖಾಲಿ ಹುದ್ದೆ ಯಾವಾಗ ತುಂಬ್ತೀರಿ ಅಂತ ಕೇಳಿ.